ಇಪ್ಪತ್ತು ಹೆಜ್ಜೆಯ ದಾರಿ

ಒಗ್ಗರಣೆಗೆ ಕರಿಬೇವಿನ ಸೊಪ್ಪು ಇಲ್ಲದ್ದೇ ಎಲ್ಲಕ್ಕೂ ಕಾರಣವಾಯಿತು.

"ಹ್ವಾಯ್, ಕುಷ್ಟನ ಅಂಗ್ಡಿಯಿಂದ ಒಂಚೂರ್ ಬೇವಿನ್ ಸೊಪ್ಪ್ ತಕಬನ್ನಿ," ಎಂದು ಹೆಂಡತಿ ಸುಗುಣ ಅಡುಗೆಮನೆಯಿಂದ ಕೂಗಿದರು.

ಉಮಾನಾಥರ ಮುಖ ಹುಳಿ ಮಾವು ಕಚ್ಚಿದಂತಾಯಿತು. ಹಾಲಾಡಿಯ ಸುತ್ತ ಮೂವತ್ತು ವರ್ಷ ನಡೆದು ಕಾಗದ ಹಂಚಿದವರು ಅವರು. ನಿವೃತ್ತರಾಗಿ ಕೋಟೇಶ್ವರದ ಹೊರಗಿನ ಈ ಎಂಟು ಮಹಡಿಯ ಕಟ್ಟಡಕ್ಕೆ ಬಂದ ಮೇಲೆ ನಡೆಯಲು ದಾರಿಯೇ ಇಲ್ಲ. ಕುಷ್ಟನ ಅಂಗಡಿ ಕಾಂಪೌಂಡಿನ ಹಿಂದೆಯೇ ಇತ್ತು. ಆದರೆ ಅಲ್ಲಿನ ಸಣ್ಣ ಗೇಟಿಗೆ ಮೂರು ವರ್ಷದಿಂದ ಬೀಗ. ಮುಂದಿನ ಗೇಟಿನಿಂದ ಹೆದ್ದಾರಿ ಸುತ್ತಿ ಹೋದರೆ ಒಂದೂವರೆ ಕಿಲೋಮೀಟರು. ಹೆದ್ದಾರಿ ಅಗಲವಾಗುತ್ತಿದ್ದ ಕಾಲ. ನಡೆಯುವವರಿಗೆಂದು ಉಳಿದದ್ದು ಚರಂಡಿ ಮಾತ್ರ.

ಸೊಪ್ಪಿಗೆ ಹೊರಟ ಅವರನ್ನು ಮೈಮೇಲೆ ಬಂದ ಎಕ್ಸ್‌ಪ್ರೆಸ್ ಬಸ್ಸೊಂದು ಆ ಚರಂಡಿಗೇ ಇಳಿಸಿತು. ಒಂದು ಚಪ್ಪಲಿ ಕಳೆದುಕೊಂಡು, ಮೊಣಕಾಲವರೆಗೆ ಕೆಸರಾಗಿ, ಸೊಪ್ಪು ಹಿಡಿದು ಮರಳಿದಾಗ ಒಂದು ಗಂಟೆ ಕಳೆದಿತ್ತು.

"ಹುಳಿ ಇಳ್ಸಿ ಆಯ್ತ್," ಎಂದರು ಸುಗುಣ. "ಕೊತ್ತಂಬ್ರಿ ಸೊಪ್ಪ್ ತರ್ಲಿಲ್ಯಾ?"

ಉಮಾನಾಥರ ತಲೆ ಕಾದ ಬಾಣಲೆಯಾಯಿತು. ಕೆಳಗಿಳಿದು, ಬಣ್ಣ ಬಳಿಯುವವರು ಬಿಟ್ಟುಹೋಗಿದ್ದ ಏಣಿಯನ್ನು ಎಳೆದು ತಂದು ಹಿಂದಿನ ಗೋಡೆ ಹತ್ತಿದರು. ಮೇಲೆ ನೆಟ್ಟಿದ್ದ ಗಾಜಿನ ಚೂರಿಗೆ ಲುಂಗಿ ಸಿಕ್ಕಿಕೊಂಡಿತು. ಆಚೆಗೂ ಇಲ್ಲ, ಈಚೆಗೂ ಇಲ್ಲ. ಅಷ್ಟರಲ್ಲಿ ಏಣಿಯೂ ಜಾರಿ ಬಿತ್ತು.

ಸದ್ದು ಕೇಳಿ ನಿವಾಸಿಗಳ ಸಂಘದ ಕಾರ್ಯದರ್ಶಿ ಪ್ರೇಮಾನಂದ ಓಡಿ ಬಂದ. "ಎಂತ ಉಮಾನಾಥಣ್ಣ ಇದ್? ನಡೂಕೆ ಜಿಮ್ಮಂಗೆ ಟ್ರೆಡ್‌ಮಿಲ್ ಮಿಷಿನ್ ಇತ್ತಲ್ದಾ?"

"ಆ ಮಿಷಿನ್ ಮೇಲೆ ಸಾಯೂವರಿಗೆ ನಡ್ದ್ರೂ ಕುಷ್ಟನ ಅಂಗ್ಡಿ ಬತ್ತಾ?" ಉಮಾನಾಥರು ಗೋಡೆಯ ಮೇಲಿಂದಲೇ ಗುಡುಗಿದರು. "ಕಾರಿಗೆ ನೆರಳ್ ಇತ್ತ್, ಕಾರಿಗೆ ದಾರಿ ಇತ್ತ್. ಕಾಲಿದ್ದವ ಎಲ್ಲಿಗ್ ಹೋಪ್ದ್? ಇದೆಂತ ಮನೆಯಾ, ಜೈಲಾ?"

ಬಾಲ್ಕನಿಗಳು ತುಂಬಿದವು. ಎರಡನೇ ಮಹಡಿಯ ಚಂದ್ರಮತಿ ಕೂಗಿದರು: "ಅವ್ರ್ ಹೇಳ್ದೇ ಸರಿ! ನಾನ್ ಒಂದ್ ಪ್ಯಾಕೆಟ್ ಉಪ್ಪಿಗೆ ಕಾರ್ ತೆಗಿತೆ ಮರಾಯ್ರೆ!"

ಹಿಂದಿನ ಗೇಟು ತೆಗೆಯಿರೆಂದು ಎಲ್ಲರೂ ಪ್ರೇಮಾನಂದನ ಮೇಲೆ ಮುಗಿಬಿದ್ದರು. ಬೀಗದ ಕೈ ಎಲ್ಲಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಕಲ್ಲಿನಿಂದ ಕುಟ್ಟಿ ಬೀಗ ಒಡೆದರು. ಗೋಡೆಯಿಂದ ಇಳಿಸಲ್ಪಟ್ಟ ಉಮಾನಾಥರು ಹರಿದ ಲುಂಗಿಯಲ್ಲೇ ಅಂಗಡಿಗೆ ನಡೆದರು. ಎಣಿಸಿದರು: ಬರೀ ಇಪ್ಪತ್ತು ಹೆಜ್ಜೆ! ಕೊತ್ತಂಬರಿ ಕಟ್ಟನ್ನು ಎತ್ತಿ ತೋರಿಸಿದಾಗ ಬಾಲ್ಕನಿಗಳಲ್ಲಿ ಚಪ್ಪಾಳೆ.

ಮಧ್ಯಾಹ್ನ ಮೂರು ಗಂಟೆಯೊಳಗೆ ಸುದ್ದಿ ಹಿಂದಿನ ಓಣಿಗೆಲ್ಲ ಹಬ್ಬಿತು. ಬಸ್ಸಿಗೆ ಹೋಗುವವರು ಕಾಂಪೌಂಡಿನ ಒಳಗಿಂದಲೇ ಹಾದರು, ಬೈಕುಗಳು ನುಗ್ಗಿದವು. ಎರಡು ದನಗಳು ಬಂದು ಪ್ರೇಮಾನಂದನ ದಾಸವಾಳ ಗಿಡಗಳನ್ನು ಮೇಯ್ದವು.

ನಾಲ್ಕು ಗಂಟೆಗೆ ತುರ್ತು ಸಭೆ. "ಗೇಟ್ ಮುಚ್ಚುಕಾಗ," ಎಂದು ಎಲ್ಲರೂ ಪಟ್ಟು ಹಿಡಿದರು.

"ಮುಚ್ಚುದ್ ಬ್ಯಾಡ," ಎಂದ ಪ್ರೇಮಾನಂದ ನಯವಾಗಿ. "ಆರೆ ಒಬ್ರ್ ಕಾಯ್ಕಲ್ದಾ? ವಾಚ್‌ಮನ್ ಮುಂದಿನ್ ಗೇಟ್ ಬಿಟ್ ಬಪ್ಪುಕಿಲ್ಲ. ಉಮಾನಾಥಣ್ಣ ಹ್ಯಾಂಗೂ ರಿಟೈರ್ಡ್. ದಾರಿ ಕೇಂಡದ್ದೂ ಅವ್ರೇ."

ಉಮಾನಾಥರು ಬಾಯಿ ತೆರೆಯುವ ಮೊದಲೇ ಚಪ್ಪಾಳೆ ಬಿತ್ತು. ಬೆಳಿಗ್ಗೆಗಿಂತಲೂ ಜೋರು.

ಸಂಜೆ ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಕುತ್ತಿಗೆಗೆ ಸೀಟಿ ನೇತುಹಾಕಿಕೊಂಡು ಅವರು ಕುದಿಯುತ್ತ ಕುಳಿತಿದ್ದರು. ಇಡೀ ಕಟ್ಟಡವೇ ಅವರ ಮುಂದೆ ಹಾದು ಓಣಿಯಾಚೆಯ ಗದ್ದೆಯ ಗಾಳಿಗೆ ಹೊರಟಿತ್ತು. ಚಂದ್ರಮತಿಯ ಜೊತೆ ಸುಗುಣರೂ ಬಂದರು, ಹೊಸ ಸೀರೆ ಉಟ್ಟು.

"ಹ್ವಾಯ್, ನಾವ್ ಹಿಂಗೇ ನಡ್ಕಂಡ್ ಹೋಯಿ ಬತ್ತೊ. ನೀವ್ ಕುರ್ಚಿ ಬಿಟ್ ಏಳ್ಬೇಡಿ, ಅಕಾ?"