ನಮ್ಮ ಎದೆಯ ಮೇಲಿನ ಪ್ರಾಣಿಗಳು

ಐವತ್ತು-ಅರವತ್ತರ ದಶಕದಲ್ಲಿ ನಾನು ಮಂಗಳೂರಿನ ಒಂದು ಬಡ ಫುಟ್ಬಾಲ್ ಕ್ಲಬ್ಬಿಗೆ ಗೋಲ್‌ಕೀಪರ್ ಆಗಿದ್ದೆ. ಎಂತೆಂಥ ಎದುರಾಳಿಗಳನ್ನೂ ಸುಧಾರಿಸಿದೆವು, ನಮ್ಮದೇ ಲಾಂಛನವನ್ನು ಮಾತ್ರ ಸುಧಾರಿಸಲಾಗಲಿಲ್ಲ. ಅದಕ್ಕೆ ಕೈಹಾಕಿದಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತಿತ್ತು. ನಮ್ಮ ಕ್ಯಾಪ್ಟನ್ನನಿಗೋ ಒಂದೇ ಆಸೆ: ಸಾಯುವುದರೊಳಗೆ ಒಮ್ಮೆ ಕಪ್ ಎತ್ತಬೇಕು. "ಎದೆ ಮೇಲೆ ಸಿಂಹ ಇಲ್ಲದೆ ನಮಗೆ ಯಾರು ಹೆದರ್ತಾರೆ ಮಾರಾಯ?" ಎನ್ನುತ್ತಿದ್ದ.

ಸಿಂಹ

ಕಸೂತಿಯ ಕೆಲಸ ಕ್ಯಾಪ್ಟನ್ನನ ಚಿಕ್ಕಮ್ಮನಿಗೆ ಹೋಯಿತು. ಆಕೆ ಇಗರ್ಜಿಯ ಪೀಠದ ಬಟ್ಟೆಗೆ ಕಸೂತಿ ಹಾಕುವವರು. ಅಂಗಿ ಬಂದಾಗ ನೋಡಿದರೆ, ತಲೆಯ ಸುತ್ತ ಪ್ರಭಾವಳಿ ಇಟ್ಟುಕೊಂಡ, ಏಸುವಿನ ಗುರುತಿನ ಕುರಿಮರಿ.

"ಸಿಂಹವನ್ನು ನಾನು ಕಂಡಿಲ್ಲ ಪುತಾ. ಕೈಗೆ ಅಭ್ಯಾಸ ಇರುವುದು ಇದೇ," ಎಂದರು.

ಮೊದಲ ಪಂದ್ಯ ಕುಲಶೇಖರ ಇಗರ್ಜಿಯ ತಂಡದ ಮೇಲೆ. ಅವರ ಬ್ಯಾಕ್ ಆಟಗಾರರು ನಮ್ಮನ್ನು ತಡೆಯಲು ಓಡಿಬಂದು, ಎದೆ ನೋಡಿ, ಶಿಲುಬೆಯ ಗುರುತು ಮಾಡಿ ದಾರಿ ಬಿಟ್ಟರು. ನಾವು ಗೆದ್ದೆವು. ಮರುದಿನವೇ ಪಾದ್ರಿಗಳು ಕರೆಸಿದರು. "ದೇವರ ಕುರಿಮರಿಗೆ ಆಫ್‌ಸೈಡ್ ಎಂತಕ್ಕೆ?" ಎಂದು ಕೇಳಿದರು.

ಆಡು

ಪ್ರಭಾವಳಿ ಬಿಚ್ಚಿ, ಪವಿತ್ರತೆ ಪೂರ್ತಿ ಹೋಗಲಿ ಎಂದು ಚಿಕ್ಕಮ್ಮ ಕೊಂಬು, ಗಡ್ಡ ಸೇರಿಸಿದರು. ಆಡಾಯಿತು. ಹೊಸ ಅಂಗಿ ತೊಟ್ಟು ಹಂಪನಕಟ್ಟೆಯಲ್ಲಿ ಬಸ್ಸಿಗೆ ಸಾಲಾಗಿ ನಿಂತಿದ್ದೆವು. ಒಬ್ಬ ಹೆಂಗಸು ನಮ್ಮನ್ನು ಮೇಲಿಂದ ಕೆಳಗೆ ನೋಡಿ ಕ್ಯಾಪ್ಟನ್ನನ ಬಳಿ ಬಂದರು.

"ಇಷ್ಟು ಬೇಗ ಅಂಗಡಿ ಮುಚ್ಚಿದ್ರಾ? ನಾಳೆಗೆ ಎರಡು ರಾತ್ಲು ಮಾಂಸ ತೆಗೆದಿಡಿ. ಎಲುಬು ಕಡಿಮೆ ಇರಲಿ."

ಹುಲಿ

ಆಡನ್ನೂ ಬಿಚ್ಚಿಸಿ, ಇನ್ನು ಹುಲಿಯೇ ಆಗಬೇಕೆಂದು ಕ್ಯಾಪ್ಟನ್ ಹುಲಿವೇಷದವರಿಗೆ ಬಣ್ಣ ಬಳಿಯುವವನನ್ನು ಹಿಡಿದು ತಂದ. ಅದೂ ಫೈನಲ್ ಪಂದ್ಯದ ಬೆಳಿಗ್ಗೆ. ಅವನು ಬರಿಯ ಅಂಗಿ ಮುಟ್ಟಲು ಒಪ್ಪಲಿಲ್ಲ. "ತೊಟ್ಟು ನಿಲ್ಲಿ. ಒಳಗೆ ಮೈ ಇಲ್ಲದಿದ್ರೆ ನನಗೆ ಹುಲಿ ಬರುವುದಿಲ್ಲ."

ಚೆನ್ನಾಗಿಯೇ ಬಂತು. ಒಣಗಲು ಎಷ್ಟು ಹೊತ್ತು ಎಂದು ಕೇಳಿದೆ. "ಒಣಗ್ತದೆ. ಅಷ್ಟರವರೆಗೆ ಯಾರನ್ನೂ ಅಪ್ಪಿಕೊಳ್ಳಬೇಡಿ," ಎಂದು ಹೊರಟುಹೋದ.

ಮಧ್ಯಾಹ್ನ ಮಳೆ, ಮೈದಾನವಿಡೀ ಕೆಸರು. ಎದುರಾಳಿ ಕ್ಯಾಪ್ಟನ್ ಆಟವಿಡೀ ನಮ್ಮ ಕ್ಯಾಪ್ಟನ್ನನಿಗೆ ಎದೆಗೆ ಎದೆ ಕೊಟ್ಟು ಅಡ್ಡ ನಿಂತ. ಆದರೂ ಒಂದು ಗೋಲಿನಿಂದ ಗೆದ್ದೆವು. ನಮ್ಮವನ ಕಣ್ಣಲ್ಲಿ ನೀರು. ಅಷ್ಟು ವರ್ಷದ ಆಸೆ, ಅಯ್ಯೋ ಪಾಪ.

ತಡವಾಗಿ ಬಂದ ಮುಖ್ಯ ಅತಿಥಿಗಳಿಗೆ ಯಾರು ಗೆದ್ದದ್ದೆಂದು ತಿಳಿಯದು. ಸಂಘಟಕರು ಕಿವಿಯಲ್ಲಿ ಹೇಳಿದರು, "ಎದೆ ಮೇಲೆ ಹುಲಿ ಇರುವವರು ಸರ್." ಅವರು ಕಪ್ ಹಿಡಿದುಕೊಂಡು ನೆಟ್ಟಗೆ ಎದುರಾಳಿ ಕ್ಯಾಪ್ಟನ್ನನ ಬಳಿ ನಡೆದರು. ಅವನ ಬಿಳಿ ಅಂಗಿಯ ಮೇಲೆ ಮೀಸೆ ಸಮೇತ ಹುಲಿ ಮೂಡಿತ್ತು.

ನಮ್ಮವನು ಓಡಿಹೋಗಿ ಕೈಮುಗಿದ. "ಸರ್, ಅದು ನಮ್ಮಿಂದ ಅಂಟಿದ್ದು. ನಮ್ಮ ಹುಲಿ ಎಡಕ್ಕೆ ನೋಡ್ತದೆ, ಅವರದ್ದು ನೋಡಿ, ಬಲಕ್ಕೆ ನೋಡ್ತದೆ."

ಅತಿಥಿಗಳು ಕನ್ನಡಕ ಏರಿಸಿ ನಮ್ಮವನ ಎದೆಯನ್ನು ಪರೀಕ್ಷಿಸಿದರು. ಅಲ್ಲಿ ಬರೇ ಕೆಸರು.

"ಎತ್ತ ಬೇಕಾದ್ರೂ ನೋಡಲಿ," ಎಂದು ಕಪ್ಪನ್ನು ಎದುರಾಳಿಯ ಕೈಗಿತ್ತರು. "ಅವರಲ್ಲಿ ಹುಲಿಯಾದರೂ ಉಂಟು. ನಿಮ್ಮಲ್ಲಿ ಎಂತ ಉಂಟು?"