ಅತ್ತೆಯ ಮನೆಯ ಜಪಾನಿ ಕತ್ತಿ

ಎಂಥ ಕೆಟ್ಟ ಬರಹವನ್ನಾದರೂ ಓದಬಲ್ಲೆ ಎಂಬ ಜಂಬ ನನಗಿದೆ. ಚಾಮರಾಜಪೇಟೆಯ ಮುದ್ರಣಾಲಯವೊಂದರಲ್ಲಿ ಮೂವತ್ತು ವರ್ಷ ಕರಡು ತಿದ್ದಿದವನಿಗೆ ಅಷ್ಟೂ ಇರಬಾರದೇ? ತಾವು ಬರೆದದ್ದು ತಮಗೇ ತಿಳಿಯದೆ ಲೇಖಕರು ನನ್ನನ್ನು ಬಂದು ಕೇಳಿದ್ದುಂಟು. ಹೀಗಿರುವಾಗ ನಮ್ಮತ್ತೆ ಲಕ್ಷ್ಮಮ್ಮನವರು ತಮ್ಮ ತಂದೆಯ ಕತ್ತಿಯನ್ನು ಮುಂದಿಟ್ಟು, "ಇದ್ರ ಹಿಡಿಯೊಳಗೆ ಏನೋ ಬರ್ದಿದೆಯಂತೆ, ನೋಡಿ" ಎಂದರೆ ನಾನು ಹಿಂದೆ ಸರಿಯುವುದುಂಟೇ?

ಅತ್ತೆಯ ತಂದೆ ಹೊಲ ಬಿಟ್ಟು ಸೈನ್ಯ ಸೇರಿ, ಎರಡನೆಯ ಮಹಾಯುದ್ಧದಲ್ಲಿ ಬರ್ಮಾಕ್ಕೆ ಹೋಗಿ, ಈ ಜಪಾನಿ ಕತ್ತಿಯೊಂದಿಗೆ ಮರಳಿದವರು. ಆಯುಧಪೂಜೆಯ ದಿನ ಕುಂಕುಮ ಹಚ್ಚುವುದಕ್ಕೆ ಬಿಟ್ಟರೆ ಮನೆಯಲ್ಲಿ ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. "ಯಾರ ಮನೆ ಮಗನದೋ ಏನೋ. ಹೆಸರು ಗೊತ್ತಾದ್ರೆ ಅವರ ಮನೆಯವ್ರಿಗೆ ತಿಳಿಸ್ಬೇಕು ಅಂತ ನಮ್ಮಪ್ಪ ಸಾಯೋವರ್ಗೂ ಹೇಳ್ತಿದ್ರು" ಎಂದರು ಅತ್ತೆ. ಅವರಿಗೀಗ ಎಂಬತ್ತಾರು. ತಡಮಾಡುವಂತಿರಲಿಲ್ಲ.

ಹಿಡಿಗೆ ಹೊಡೆದಿದ್ದ ಪುಟ್ಟ ಬಿದಿರಿನ ಮೊಳೆಯನ್ನು ಮೆಲ್ಲಗೆ ತಟ್ಟಿ ತೆಗೆದೆ. ಹಿಡಿ ಕಳಚಿತು. ಒಳಗೆ ತುಕ್ಕು ಹಿಡಿದ ಕಬ್ಬಿಣದ ಮೇಲೆ, ಸವೆದ ಅಕ್ಷರಗಳ ಒಂದು ಸಾಲು. ಹೆಂಡತಿ ಸುಮಿತ್ರಾ ಹುಣಸೆಹಣ್ಣು ಹಿಡಿದು ಓಡಿಬಂದಳು. "ತಿಕ್ಕಿದ್ರೆ ಅಕ್ಷರಾನೂ ಹೋಗುತ್ತೆ ಕಣೇ" ಎಂದು ಅಡ್ಡ ನಿಂತೆ. ಮುಖಕ್ಕೆ ಹಾಕುವ ಪೌಡರನ್ನು ಗೀರುಗಳಿಗೆ ಉದುರಿಸಿ, ಮೊಬೈಲಿನ ಬೆಳಕನ್ನು ಓರೆಯಾಗಿ ಬಿಟ್ಟು, ಕಂಡದ್ದನ್ನೆಲ್ಲ ಹಾಳೆಗೆ ಇಳಿಸಿದೆ. ಎಂಟು ದಿನ ಕಾಫಿ ಆರಿದ್ದೂ ಗೊತ್ತಾಗಲಿಲ್ಲ. ಮೊದಲ ಅಕ್ಷರ ಮನೆಯಂತಿತ್ತು, ಎರಡನೆಯದು ಹೊರೆ ಹೊತ್ತ ಮನುಷ್ಯನಂತೆ. ಕತ್ತಿಯವನು ಮನೆ ಕಟ್ಟುವ ಮೇಸ್ತ್ರಿಯೇ ಇರಬೇಕೆಂದು ಸಾರಿಬಿಟ್ಟೆ.

"ಅಯ್ಯೋ ಪಾಪ, ಯಾರ ಮನೆ ಅರ್ಧಕ್ಕೆ ಬಿಟ್ಟು ಬಂದಿದ್ನೋ" ಎಂದು ಅತ್ತೆ ಕಣ್ಣೊರೆಸಿಕೊಂಡರು. ಆಗ ನನಗೆ ತುಸು ಭಯವಾಯಿತು. ಮಲ್ಲೇಶ್ವರದಲ್ಲಿ ಜಪಾನಿ ಭಾಷೆ ಕಲಿಸುವ ವೈದೇಹಿಯವರನ್ನು ಭಾನುವಾರ ಮನೆಗೆ ಕರೆದೆ.

ಅವರು ನನ್ನ ಹಾಳೆ ನೋಡಿದರು, ಕತ್ತಿ ನೋಡಿದರು, ಮತ್ತೆ ಹಾಳೆಯನ್ನು ತಿರುಗಿಸಿ ಹಿಡಿದರು. "ತುಂಬಾ ಚೆನ್ನಾಗಿ ಬರ್ಕೊಂಡಿದೀರ ಸರ್. ಆದ್ರೆ ತಲೆಕೆಳಗು ಮಾಡ್ಕೊಂಡಿದೀರ."

ಸುಮಿತ್ರಾ ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಹೋದಳು. ವೈದೇಹಿ ಬೆರಳಿಟ್ಟು ಓದಿದರು: "ಸೆಕಿ ಅನ್ನೋ ಊರಲ್ಲಿರೋ ಕಾನೆ... ಮುಂದಿನದು ಸವೆದುಹೋಗಿದೆ. ಇದು ಕತ್ತಿ ಹಿಡಿದವರ ಹೆಸರಲ್ಲ ಅಮ್ಮ, ಮಾಡಿದ ಕಮ್ಮಾರನ ಹೆಸರು."

ಅತ್ತೆ ಕತ್ತಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. "ಆ ಊರು ಈಗ್ಲೂ ಇದೆಯಾ?"

"ಇದೆ ಅಮ್ಮ. ಇವತ್ತಿಗೂ ಅಲ್ಲಿ ಚಾಕು ಕತ್ತರಿ ಮಾಡ್ತಾರೆ."

"ಹಾಗಾದ್ರೆ ಇದಕ್ಕೊಂದು ತವರಾದ್ರೂ ಸಿಕ್ತಲ್ಲ. ನಿಮ್ಮ ಕತ್ತಿ ನಮ್ಮನೇಲಿ ಜೋಪಾನವಾಗಿದೆ ಅಂತ ಆ ಊರಿಗೆ ಒಂದು ಕಾಗದ ಬರೀಬೇಕು."

ನಾನು ಉತ್ಸಾಹದಿಂದ ಪೆನ್ನು ತೆಗೆದೆ. "ಈ ಮೇಡಮ್ಮೇ ಬರೀಲಿ. ನೀವು ಸ್ಟಾಂಪು ಅಂಟಿಸಿ" ಎಂದರು ಅತ್ತೆ, ಬಹಳ ಮರ್ಯಾದೆಯಿಂದ.

ಸೋಮವಾರ ಅಂಚೆಕಚೇರಿಯಲ್ಲಿ, ಸ್ಟಾಂಪಿನ ಮೇಲಿದ್ದ ಹಕ್ಕಿಯ ಕಾಲು ಯಾವ ಕಡೆಗಿದೆಯೆಂದು ಎರಡೆರಡು ಸಲ ನೋಡಿಕೊಂಡು ಅಂಟಿಸಿದೆ.