ಮಿಸ್ಟರ್ ಗ್ರೀನ್ ಮತ್ತು ನಮ್ಮ ಬೀಗರ ಹೋಳಿಗೆ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದಲ್ಲ. ತಪ್ಪೆಲ್ಲ ಮಿಸ್ಟರ್ ಗ್ರೀನ್ ಎಂಬ ಮಹಾನುಭಾವನದು. ಆತ ಇಂಗ್ಲೆಂಡಿನವನು. ಬ್ಯಾಡಗಿಯ ಕಡೆ ತಲೆಹಾಕಿ ಕೂಡ ಮಲಗಿದವನಲ್ಲ. ಆದರೂ ನಮ್ಮ ಅಕ್ಕನ ಮದುವೆಯನ್ನು ಮುರಿಯುವ ಹಂತಕ್ಕೆ ತಂದಿಟ್ಟ! ಬೈಗುಳ ಮಾತ್ರ ನನ್ನ ಪಾಲಿಗೆ ಬಂತು.

ಆಗ ನಾನು ಬಿ.ಕಾಂ. ಮುಗಿಸಿ ಅಪ್ಪನ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಹೊಸದಾಗಿ ಕುಳಿತಿದ್ದೆ. ಕಿಸೆಯಲ್ಲಿ ಹೊಸ ಮೊಬೈಲು, ಊರವರನ್ನೆಲ್ಲ ಅಣಕಿಸುವ ಹಳೆಯ ಬಾಯಿ. ಇಷ್ಟೇ ನನ್ನ ಬಂಡವಾಳ. ಒಂದು ದಿನ ಪರದೇಶದ ಖರೀದಿದಾರನೊಬ್ಬ ನಮ್ಮ ಅಂಗಡಿಯ ಮುಂದೆ ನಿಂತು, ಒಂದು ಕಾಯಿ ಮುರಿದು ಮೂಸಿ, ಇಂಗ್ಲಿಷಿನಲ್ಲಿ ಏನೋ ಕೇಳಿದ. ಅಪ್ಪ ನನ್ನ ಮುಖ ನೋಡಿದರು. ನಾನು ಅಪ್ಪನ ಮುಖ ನೋಡಿದೆ. ಇಬ್ಬರೂ ಸೇರಿ ಅವನಿಗೆ ಹಲ್ಲು ತೋರಿಸಿದೆವು. ಅವನೂ ನಕ್ಕ. ನಕ್ಕು ಪಕ್ಕದ ಅಂಗಡಿಗೆ ಹೋದ!

"ಕಾಲೇಜಿಗೆ ಹೋಗಿ ಏನ್ ಕಡದು ಕಟ್ಟಿ ಹಾಕಿದಿಲೇ ಮಂಜ್ಯಾ?" ಎಂದು ಅಪ್ಪ ಕೇಳಿದ್ದು ಇಡೀ ಮಾರುಕಟ್ಟೆಗೆ ಕೇಳಿಸಿತು.

ಸ್ವಾಭಿಮಾನ ಕೆರಳಿತು. ಮರುದಿನವೇ ಟೇಲರ್ ಅಂಗಡಿಯ ಮಹಡಿಯ ಮೇಲಿದ್ದ ದೇಸಾಯಿ ಸರ್ ಅವರ ಇಂಗ್ಲಿಷ್ ಕ್ಲಾಸಿಗೆ ಸೇರಿದೆ. ದೇಸಾಯಿ ಸರ್ ಹಾವೇರಿಯಿಂದ ಬಸ್ಸಿಗೆ ಬರುತ್ತಿದ್ದರು. ಅವರ ಪದ್ಧತಿಯೇ ಬೇರೆ. ವಾರಕ್ಕೊಂದು ಝೆರಾಕ್ಸ್ ಹಾಳೆ. ಅದರಲ್ಲಿ ಇಂಗ್ಲಿಷರ ದಿನನಿತ್ಯದ ಬದುಕಿನ ಬಗ್ಗೆ, ನಡೆನುಡಿಯ ಬಗ್ಗೆ ಒಂದು ಪುಟ್ಟ ಪಾಠ. ಓದಬೇಕು, ಕೆಳಗಿನ ಪ್ರಶ್ನೆಗಳಿಗೆ ಉತ್ತರಿಸಬೇಕು, ಆಮೇಲೆ ವಾರವಿಡೀ ಹಾಗೆಯೇ ನಡೆದುಕೊಳ್ಳಬೇಕು!

"ಇಂಗ್ಲಿಷ್ ಬರೇ ನಾಲಿಗಿ ಮ್ಯಾಲ ಕುಂತ್ರ ಸಾಲೂದಿಲ್ಲ. ನಡವಳಿಕ್ಯಾಗ ಇಳೀಬೇಕು!" ಎಂದು ಸರ್ ಮೂಗಿನ ತುದಿಗೆ ಜಾರಿದ ಕನ್ನಡಕವನ್ನು ಕಿರುಬೆರಳಿನಿಂದ ಮೇಲೆ ತಳ್ಳುತ್ತಿದ್ದರು. ಎರಡನೇ ವಾರಕ್ಕೆ ಈ ವಾಕ್ಯವನ್ನು ಅವರಿಗಿಂತ ಚೆನ್ನಾಗಿ ನಾನು ಹೇಳುತ್ತಿದ್ದೆ. ಕನ್ನಡಕವಿಲ್ಲದೆಯೂ!

ಮೊದಲ ಪಾಠ ಸೀನಿನದು. ಯಾರಾದರೂ ಸೀನಿದರೆ ಹತ್ತಿರವಿದ್ದವರು 'ಬ್ಲೆಸ್ ಯೂ' ಎನ್ನಬೇಕಂತೆ, ಅದು ಅಲ್ಲಿನ ಸೌಜನ್ಯ. ಒಳ್ಳೆಯ ಪಾಠವೇ. ಆದರೆ ಇದನ್ನು ಬರೆದ ಪುಣ್ಯಾತ್ಮ ಸುಗ್ಗಿಯ ಕಾಲದಲ್ಲಿ ಬ್ಯಾಡಗಿ ಮಾರುಕಟ್ಟೆಗೆ ಬಂದು ನಿಲ್ಲಬೇಕಿತ್ತು! ಕಣ್ಣು ಹಾಯುವವರೆಗೆ ಕೆಂಪು ರಾಶಿ. ಗಾಳಿಯೇ ಘಾಟು. ಹಮಾಲರು, ರೈತರು, ದಲಾಲರು, ಚಹಾ ಮಾರುವವರು, ಸೀನದವರೇ ಇಲ್ಲ. ಹಮಾಲ ಫಕೀರಪ್ಪ ಒಮ್ಮೆ ಶುರುಮಾಡಿದರೆ ಮೈಮೇಲಿನ ಚೀಲ ಇಳಿಸುವವರೆಗೂ ನಿಲ್ಲಿಸುತ್ತಿರಲಿಲ್ಲ. ಅವನಿಗೆ 'ಬ್ಲೆಸ್ ಯೂ' ಹೇಳಿ ಮುಗಿಸುವಷ್ಟರಲ್ಲಿ ಬೆನ್ನ ಹಿಂದೆ ಇನ್ನೊಬ್ಬ. ಮಧ್ಯಾಹ್ನದ ಹೊತ್ತಿಗೆ ನನ್ನ ಗಂಟಲು ಕಟ್ಟಿತು. ನಡುವೆ ನನಗೇ ಸೀನು ಬಂತು. ಒಬ್ಬನಾದರೂ ಬ್ಲೆಸ್ ಯೂ ಅಂದನೇ? ಇಲ್ಲ!

ಎರಡನೆಯ ಪಾಠ ಸರತಿ ಸಾಲಿನದು. ರಾಣೆಬೆನ್ನೂರು ಬಸ್ ನಿಲ್ದಾಣದಲ್ಲಿ ನಾನು ಸಾಲಾಗಿ ನಿಂತೆ. ಒಬ್ಬನೇ! ಬಸ್ಸು ಬಂತು. ಕಿಟಕಿಯೊಳಗೆ ಟವೆಲ್ಲು, ಕರವಸ್ತ್ರ, ಕೈಚೀಲ ಹಾರಿ ಬಿದ್ದವು, ಸೀಟುಗಳು ಬುಕ್ಕಾದವು. ನಾನು ಬಾಗಿಲ ಬಳಿ ಪಾಠದಲ್ಲಿದ್ದಂತೆ 'ಆಫ್ಟರ್ ಯೂ' ಎನ್ನುತ್ತ ಎಲ್ಲರಿಗೂ ದಾರಿ ಬಿಟ್ಟೆ. ಬಸ್ಸು ಹೋಯಿತು. ನಾನು ಸಾಲಿನಲ್ಲೇ ಇದ್ದೆ. ಮೊದಲಿಗನಾಗಿ.

ಇಷ್ಟಕ್ಕೇ ಬುದ್ಧಿ ಬರಬೇಕಿತ್ತು, ನಿಜ. ಆದರೆ ಮೂರನೆಯ ಹಾಳೆ ಕೈಗೆ ಬಂತು: 'ಎ ಗೆಸ್ಟ್ ಅಟ್ ದ ಟೇಬಲ್'.

ಅದರಲ್ಲಿ ಈ ಮಿಸ್ಟರ್ ಗ್ರೀನ್, ಮಿಸೆಸ್ ವೈಟ್ ಎಂಬಾಕೆಯ ಮನೆಗೆ ಊಟಕ್ಕೆ ಹೋಗುತ್ತಾನೆ. ಆಕೆ ಇನ್ನೊಂದು ತುಂಡು ಸಿಹಿ ಬಡಿಸಲೇ ಎಂದು ಕೇಳುತ್ತಾಳೆ. ಆತ 'ನೋ, ಥ್ಯಾಂಕ್ಯೂ' ಎನ್ನುತ್ತಾನೆ. ಆಕೆ ಸಿಹಿಯನ್ನು ಕಪಾಟಿನಲ್ಲಿಡುತ್ತಾಳೆ. ಇಬ್ಬರಿಗೂ ಸಂತೋಷ. ಕೆಳಗೆ ಸಾಂಸ್ಕೃತಿಕ ಟಿಪ್ಪಣಿ: ಅತಿಥಿ ಬೇಡವೆಂದ ಮೇಲೆ ಒತ್ತಾಯಿಸುವುದು ಅಗೌರವ. ಅದರ ಕೆಳಗೆ ಪ್ರಶ್ನೆ: ಮಿಸ್ಟರ್ ಗ್ರೀನ್‌ಗೆ ಯಾಕೆ ಸಂತೋಷವಾಯಿತು? ಮಿಸೆಸ್ ವೈಟ್ ಅವನ ಮಾತಿಗೆ ಬೆಲೆ ಕೊಟ್ಟದ್ದರಿಂದ, ಎಂದು ಬರೆದೆ. ಸರ್ 'ಗುಡ್' ಎಂದರು.

ಆ ವಾರವೇ ನಮ್ಮ ಗಿರಿಜಕ್ಕನ ಮದುವೆಯ ಮಾತುಕತೆ. ಹುಡುಗ ಶಿವಾನಂದ, ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ. ಇಬ್ಬರೂ ಒಪ್ಪಿಕೊಂಡಾಗಿತ್ತು. ಅಕ್ಕನಂತೂ ಒಪ್ಪಿದ ದಿನದಿಂದ ಕಾರಣವಿಲ್ಲದೆ ನಗುತ್ತಿದ್ದಳು. ಹಿರಿಯರು ಬಂದು ಮಾತು ಮುಗಿಸುವುದಷ್ಟೇ ಬಾಕಿ. ನಮ್ಮ ಕಡೆ ಮಾತು ಮುಗಿದ ಮೇಲೆ ಬೀಗರು ಹೆಣ್ಣಿನ ಮನೆಯ ಸಿಹಿಯನ್ನು ಹೊಟ್ಟೆತುಂಬ ಉಂಡು ಎದ್ದರೆ ಸಂಬಂಧ ಗಟ್ಟಿ. ಬಡಿಸುವ ಗೌರವ ಹೆಣ್ಣಿನ ತಮ್ಮನಿಗೆ. ಅಂದರೆ ನನಗೆ!

"ಮಂಜ್ಯಾ, ಇವತ್ತೊಂದಿನ ಯಾರ್ನೂ ಅಣಕಿಸಬ್ಯಾಡೋ. ನಿನಗ ಕೈ ಮುಗೀತೇನಿ," ಎಂದಳು ಅಕ್ಕ.

"ಒತ್ತಾಯ ಮಾಡಿ ಬಡಸು, ತಿಳೀತಾ?" ಎಂದಳು ಅವ್ವ ಒಲೆಯ ಮುಂದಿನಿಂದ.

ನಾನು ಅವ್ವನನ್ನು ಕರುಣೆಯಿಂದ ನೋಡಿದೆ. ಪಾಪ, ಅವಳಿಗೆ ಝೆರಾಕ್ಸ್ ಸಿಕ್ಕಿರಲಿಲ್ಲ.

ಪಂಕ್ತಿಯ ಮೊದಲಿಗೆ ಶಿವಾನಂದರ ದೊಡ್ಡಪ್ಪ. ಆ ಮನೆಯಲ್ಲಿ ಅವರದೇ ಮಾತು. ಪೊದೆ ಮೀಸೆ, ದಪ್ಪ ದನಿ. ಒಂದು ಹೋಳಿಗೆ ಮುಗಿಸಿದ್ದರು. ನಾನು ಎರಡನೆಯದನ್ನು ಹಿಡಿದು ಬಾಗಿದೆ. ದೊಡ್ಡಪ್ಪ ಎರಡೂ ಕೈಗಳಿಂದ ತಾಟು ಮುಚ್ಚಿದರು.

"ಸಾಕ್ರೆಪಾ ತಮ್ಮಾ, ಸಾಕ್ರಿ! ಹೊಟ್ಟಿ ತುಂಬೇತಿ!"

"ಹಂಗಾದ್ರ ಆತ್ರಿ. ಥ್ಯಾಂಕ್ಯೂ," ಎಂದು ಮುಂದೆ ಹೋದೆ.

ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡಿದರೆ ದೊಡ್ಡಪ್ಪನ ಕೈಗಳು ಇನ್ನೂ ತಾಟಿನ ಮೇಲೇ ಇವೆ. ಬೆರಳುಗಳ ನಡುವೆ ಸರಿಯಾಗಿ ಒಂದು ಹೋಳಿಗೆ ನುಸುಳುವಷ್ಟು ಸಂದು! ಅವರು ಒಮ್ಮೆ ಸಂದನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ನಾನು ಗೌರವದಿಂದ ತಲೆಬಾಗಿದೆ.

ದೊಡ್ಡಮ್ಮ "ಬ್ಯಾಡಪಾ" ಅನ್ನುತ್ತ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಬೇಡವೆಂದರೆ ಬೇಡ! ಮುಂದೆ. ಶಿವಾನಂದ ಹೋಳಿಗೆಯ ಬುಟ್ಟಿಯನ್ನು ನೋಡುತ್ತಲೇ "ಸಾಕ್ರಿ" ಎಂದು ಪಿಸುಗುಟ್ಟಿದರು. ಮುಂದೆ! ತುಪ್ಪದ ತಂಬಿಗೆ ಹೋದಷ್ಟೇ ತುಂಬಿ ಹಿಂದೆ ಬಂತು. ನಮ್ಮ ಮನೆಯಲ್ಲಿ ಇಷ್ಟು ಶಿಸ್ತಿನ, ಇಷ್ಟು ನಿಶ್ಶಬ್ದದ ಪಂಕ್ತಿ ಹಿಂದೆಂದೂ ನಡೆದಿರಲಿಲ್ಲ. ಮಿಸೆಸ್ ವೈಟ್ ನೋಡಿದ್ದರೆ ಹೆಮ್ಮೆಪಡುತ್ತಿದ್ದಳು.

"ಬುಟ್ಟಿ ಖಾಲಿ ಆತೇನು? ಇನ್ನೊಂದ್ ಕೊಡ್ಲಿ?" ಎಂದಳು ಅವ್ವ, ಒಳಗೆ ಹೋದ ನನ್ನನ್ನು ಕಂಡು.

"ಇಲ್ಲಬೇ, ತುಂಬೇ ಐತಿ. ಅವರಿಗೆ ಬ್ಯಾಡಂತ."

ಅವ್ವನ ಕೈಯಿಂದ ಲಟ್ಟಣಿಗೆ ಜಾರಿ ಬಿತ್ತು. "ಬ್ಯಾಡಂತ? ಎಷ್ಟ್ ಸಲ ಕೇಳಿದಿ?"

"ಒಂದ್ ಸಲ."

ಹೊರಗೆ ದೊಡ್ಡಪ್ಪ ಕೈ ತೊಳೆದು ಎದ್ದಿದ್ದರು. "ಬರ್ತೀವ್ರಿ. ಮನಿಗೆ ಹೋಗಿ ವಿಚಾರ ಮಾಡಿ ತಿಳಸ್ತೀವಿ," ಎಂದರು. ಅಪ್ಪನ ಮುಖ ಬಾಡಿತು. ಮಾತೆಲ್ಲ ಮುಗಿದ ಮೇಲೆ ವಿಚಾರ ಮಾಡುವುದು ಏನಿರುತ್ತದೆ? ಒತ್ತಾಯಿಸಿ ಬಡಿಸದ ಮನೆಯವರಿಗೆ ನಾವು ಬೇಡವಾಗಿದ್ದೇವೆ, ಎದ್ದು ಹೋಗಿ ಎನ್ನುತ್ತಿದ್ದಾರೆ ಎಂದೇ ಬೀಗರು ತಿಳಿದಿದ್ದರು.

ಅವರು ಅಂಗಳಕ್ಕೆ ಇಳಿದದ್ದೇ ತಡ, ಒಳಕೋಣೆಯಲ್ಲಿ ಅಪ್ಪ, ಅವ್ವ, ಅಕ್ಕ ಮೂವರೂ ನನ್ನ ಮೇಲೆ ಬಿದ್ದರು. ನನಗೂ ಸಿಟ್ಟು ಬಂತು. ಯಾಕೆ ಬರಬಾರದು? ದೊಡ್ಡವರ ಮಾತು ಕೇಳಬೇಕು ಎನ್ನುವವರೂ ಇವರೇ, ಕೇಳಿದರೆ ಬೈಯುವವರೂ ಇವರೇ!

"ಅವರs ಬ್ಯಾಡ ಅಂದ್ರು! ಹೆಂಗಂದ್ರು ನೋಡ್ರಿಲ್ಲೆ!" ಎಂದು ಸಾಕ್ಷಿ ಸಮೇತ ತೋರಿಸಿದೆ. ಮೇಲ್ದುಟಿಯನ್ನು ಮೀಸೆಯಂತೆ ಉಬ್ಬಿಸಿ, ಹೊಟ್ಟೆ ಮುಂದೆ ಮಾಡಿ, ಇಲ್ಲದ ತಾಟನ್ನು ಎರಡೂ ಕೈಯಿಂದ ಮುಚ್ಚಿ, "ಸಾಕ್ರೆಪಾ ತಮ್ಮಾ, ಸಾಕ್ರಿ! ಹೊಟ್ಟಿ ತುಂಬೇತಿ!" ಎಂದೆ. ಕೊನೆಗೊಂದು ತೇಗನ್ನೂ ಸೇರಿಸಿದೆ. ಅದು ನನ್ನ ಸ್ವಂತದ್ದು.

ಅಭಿನಯ ಅದ್ಭುತವಾಗಿತ್ತು. ಯಾರೂ ನಗಲಿಲ್ಲ. ಎಲ್ಲರೂ ನನ್ನ ಹಿಂದಿನ ಕಿಟಕಿಯನ್ನು ನೋಡುತ್ತಿದ್ದರು. ಕಿಟಕಿಯ ಆಚೆ ಕಟ್ಟೆಯ ಮೇಲೆ ಕುಳಿತು ದೊಡ್ಡಪ್ಪ ಚಪ್ಪಲಿ ಮೆಟ್ಟುತ್ತಿದ್ದರು. ಒಂದು ಸಲ ಕೆಮ್ಮಿದರು. ಎದ್ದು ಹೋದರು.

ಅಕ್ಕ ಅಳಲಿಲ್ಲ. ಅತ್ತಿದ್ದರೆ ಅಣಕಿಸಿ ನಗಿಸಬಹುದಿತ್ತು. "ನೀನs ಕೆಡಿಸೀದಿ, ನೀನs ಹೋಗಿ ಸರಿ ಮಾಡ್ಕೊಂಡ್ ಬಾ," ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡಳು.

ಸಂಜೆ ಸಿಟ್ಟಿನಿಂದಲೇ ದೇಸಾಯಿ ಸರ್ ಬಳಿ ಹೋದೆ. ಎಲ್ಲ ಕೇಳಿ ಸರ್, "ಏ ಹುಚ್ಚಾ, ಅದು ಅಲ್ಲೀ ಮಂದೀದು. ಇಲ್ಲೆ ಹಂಗ ಮಾಡಿದ್ರ ಹೆಂಗೋ?" ಎಂದರು! ನಡವಳಿಕೆಯಲ್ಲಿ ಇಳಿಸು ಎಂದವರು ಇವರೇ ಅಲ್ಲವೇ? ಅಷ್ಟರಲ್ಲಿ ಹೋಟೆಲಿನವನು ಚಹಾ ತಂದ. ನಾನು ಸರ್ ಮುಂದೆ ಹಿಡಿದೆ. "ಏ ಬ್ಯಾಡ, ಈಗ ಕುಡಿದೇನಿ," ಎಂದು ಸರ್ ಕೈ ಮುಂದೆ ಚಾಚಿದರು. ಕೈಯನ್ನಲ್ಲ, ಮಾತನ್ನು ಗೌರವಿಸಿ ಆ ಚಹಾವನ್ನು ನಾನೇ ಕುಡಿದೆ.

ಮರುದಿನ ಬೆಳಿಗ್ಗೆ ಅವ್ವ ಡಬ್ಬಿ ತುಂಬ ಹೋಳಿಗೆ ಕಟ್ಟಿಕೊಟ್ಟಳು. ನಾನು ಮುನಿಸಿನಿಂದ "ನನಗ ನಾಷ್ಟಾ ಬ್ಯಾಡ!" ಎಂದೆ. ವಿಚಿತ್ರ ನೋಡಿ, ಆ ದಿನ ಮಾತ್ರ ಮನೆಯಲ್ಲಿ ಯಾರೂ ಒತ್ತಾಯ ಮಾಡಲಿಲ್ಲ. ಬರೀ ಹೊಟ್ಟೆಯಲ್ಲಿ, ತೊಡೆಯ ಮೇಲೆ ಬಿಸಿ ಹೋಳಿಗೆ ಇಟ್ಟುಕೊಂಡು, ರಾಣೆಬೆನ್ನೂರಿಗೆ ಹೋದೆ.

"ಬರ್ರಿ ಬರ್ರಿ, ಬೀಗರ," ಎಂದರು ದೊಡ್ಡಪ್ಪ. ಮೀಸೆಯ ಕೆಳಗೆ ನಗುವಿದೆಯೋ ಇಲ್ಲವೋ ತಿಳಿಯಲಿಲ್ಲ. ಡಬ್ಬಿ ಅವರ ಮುಂದಿಟ್ಟು ಮಿಸ್ಟರ್ ಗ್ರೀನ್‌ನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಝೆರಾಕ್ಸ್ ಹಾಳೆಯನ್ನೂ ತೆಗೆದು ತೋರಿಸಿದೆ. "ನಮಗ ನೀವು ಬ್ಯಾಡಾಗಿಲ್ರಿ. ನಮ್ಮಕ್ಕ ನಿನ್ನಿಯಿಂದ ಬಾಗಲಾ ತಗದಿಲ್ಲ," ಎಂದೆ. ಶಿವಾನಂದ ತಲೆ ತಗ್ಗಿಸಿದರು. ದೊಡ್ಡಪ್ಪ ಹಾಳೆಯನ್ನು ತಿರುವಿ ಮುರುವಿ ನೋಡಿ ಹೇಳಿದರು:

"ಊಟಕ್ಕ ಏಳು ತಮ್ಮಾ."

"ಅಯ್ಯ, ಬ್ಯಾಡ್ರಿ! ಈಗಷ್ಟೇ ಉಂಡs ಬಂದೇನ್ರಿ!"

ಯಾರು ಹಾಗೆಂದವರು? ನಾನಲ್ಲ! ನನ್ನ ಬಾಯಿ!

ದೊಡ್ಡಪ್ಪ ಅಡಿಗೆಮನೆಯ ಕಡೆ ತಿರುಗಿದರು. "ಏ ಇವಳs, ತಮ್ಮಗೇನೂ ಬ್ಯಾಡಂತ! ನಮಗಷ್ಟs ಬಡಸು!"

ಅಲ್ಲಿಯೇ, ನನ್ನ ಎದುರಿಗೇ, ಅವ್ವ ಕಟ್ಟಿಕೊಟ್ಟ ಡಬ್ಬಿ ಬಿಚ್ಚಿ ಕುಳಿತರು. ದೊಡ್ಡಮ್ಮ ಒಂದೊಂದನ್ನೂ ನನ್ನ ಮುಂದೆ ಒಮ್ಮೆ ಹಿಡಿಯುತ್ತಿದ್ದರು. ಒಮ್ಮೆ ಮಾತ್ರ! "ಹೋಳಿಗಿ?" "ಬ್ಯಾಡ್ರಿ." "ತುಪ್ಪಾ?" "ಇರ್ಲ್ರಿ." "ಹಾಲು?" "ಸಾಕ್ರಿ." ಹೊಟ್ಟೆ ಕೂಗುತ್ತಿತ್ತು, ಬಾಯಿ ಸುಳ್ಳು ಹೇಳುತ್ತಿತ್ತು. ನನಗರಿವಿಲ್ಲದೆ ಎರಡೂ ಕೈ ಮುಂದೆ ಹೋಗಿ, ಇಲ್ಲದ ತಾಟನ್ನು ಮುಚ್ಚಿದ್ದವು. ಬೆರಳುಗಳ ನಡುವೆ ಸಂದೂ ಇತ್ತು!

ಆಗ ದೊಡ್ಡಪ್ಪ ಎದ್ದು ನಿಂತರು. ಕುತ್ತಿಗೆ ಕೊಂಕಿಸಿ, ಕೈಯಲ್ಲಿ ಹೋಳಿಗೆ ಹಿಡಿದು, ನನ್ನದೇ ಸಣ್ಣ ದನಿಯಲ್ಲಿ, "ಹಂಗಾದ್ರ ಆತ್ರಿ. ಥ್ಯಾಂಕ್ಯೂ!" ಎಂದು ನಾಲ್ಕು ಹೆಜ್ಜೆ ನಡೆದು, ಗೌರವದಿಂದ ತಲೆಬಾಗಿದರು. ದೊಡ್ಡಮ್ಮ ಬಿದ್ದು ಬಿದ್ದು ನಕ್ಕರು. ಶಿವಾನಂದರಿಗೆ ಹೋಳಿಗೆ ನೆತ್ತಿಗೇರಿತು. ಇಡೀ ಬ್ಯಾಡಗಿಯನ್ನು ಅಣಕಿಸಿದ ನನ್ನನ್ನು ರಾಣೆಬೆನ್ನೂರಿನ ಈ ದೊಡ್ಡಪ್ಪ ನನಗಿಂತ ಚೆನ್ನಾಗಿ ಅಣಕಿಸಿದರು!

"ಬೇಕು ಅನ್ನು, ಕೊಡ್ತೇನಿ," ಎಂದರು ದೊಡ್ಡಪ್ಪ, ಕೊನೆಯ ಹೋಳಿಗೆಯನ್ನು ಎತ್ತಿ ಹಿಡಿದು.

ಬಾಯಿ ತೆರೆದೆ. ಎರಡೇ ಅಕ್ಷರ. ಕನ್ನಡದವೇ. ಇಂಗ್ಲಿಷ್ ಕಲಿಯುವ ಹುಮ್ಮಸ್ಸಿನವನಿಗೆ ಹೊರಡಲಿಲ್ಲ! "ಇರ್ಲ್ರಿ... ನೀವs ತಗೋರಿ," ಎಂದುಬಿಟ್ಟೆ.

ಅವರು ತಗೊಂಡರು. ಬೆರಳು ಚೀಪಿ ಹೇಳಿದರು: "ಹೋಗಿ ನಿಮ್ಮಪ್ಪಗ ಹೇಳು. ಬೀಗರು ಹೊಟ್ಟಿತುಂಬ ಸಿಹಿ ಉಂಡ್ರು, ಮಾತು ಗಟ್ಟಿ. ನಿಮ್ಮಕ್ಕಗ ಬಾಗಲಾ ತಗಿ ಅನ್ನು."

ಅಕ್ಕನ ಮದುವೆ ಗಟ್ಟಿಯಾಯಿತು. ಖಾಲಿ ಡಬ್ಬಿ ಹಿಡಿದು ಬಸ್ ನಿಲ್ದಾಣಕ್ಕೆ ಬಂದೆ. ಈ ಸಲ ಸಾಲು ಗೀಲು ಏನೂ ಇಲ್ಲ! ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಮಿಸ್ಟರ್ ಗ್ರೀನ್‌ನನ್ನು ಮಡಚಿ ಎಸೆದೆ. ನುಗ್ಗಿ ಒಳಗೆ ಹೋಗಿ ನೋಡಿದರೆ, ಅವನ ಮೇಲೆ ಒಬ್ಬ ದಪ್ಪನೆಯ ಅಜ್ಜಿ ಆರಾಮವಾಗಿ ಕುಳಿತಿದ್ದಾಳೆ. ನನ್ನ ಸೋತ ಮುಖ ನೋಡಿ ಅವಳಿಗೆ ಕನಿಕರ ಬಂತು. ಸ್ವಲ್ಪ ಸರಿದು ಜಾಗ ಮಾಡಿದಳು.

"ಕುಂದರ್ತೀಯೇನೋ ಯಪ್ಪಾ?"

"ಬ್ಯಾಡಬೇ, ಇರ್ಲಿ," ಎಂದಿತು ನನ್ನ ಬಾಯಿ.

ಆ ಅಜ್ಜಿ ಯಾವ ಮಹಡಿಯ ಮೇಲೆ ಇಂಗ್ಲಿಷ್ ಕಲಿತಿದ್ದಳೋ ಏನೋ, ಎರಡನೇ ಸಲ ಕೇಳಲೇ ಇಲ್ಲ. ಬ್ಯಾಡಗಿಯವರೆಗೂ ನಿಂತೇ ಬಂದೆ!